ಗಮಕಿಯ ಕೊರಳು

ನಮ್ಮ ಪ್ರಾಚೀನ ಕಾವ್ಯಗಳು ಯಾವ ಓಲೆಗರಿಗಳ ಮೇಲೆ ಶತಮಾನಗಳ ಕಾಲ ಉಳಿದು ಬಂದುವೋ ಆ ಗರಿಗಳಲ್ಲಿ ಪದಕ್ಕೂ ಪದಕ್ಕೂ ನಡುವೆ ತೆರಪಿಲ್ಲ. ಪ್ರಶ್ನೆಗೂ ಉದ್ಗಾರಕ್ಕೂ ಬೇರೆಬೇರೆ ಗುರುತುಗಳಿಲ್ಲ. ಒಬ್ಬನ ಮಾತು ಎಲ್ಲಿ ಮುಗಿದು ಮತ್ತೊಬ್ಬನ ಮಾತು ಎಲ್ಲಿ ತೊಡಗಿತೆಂಬುದನ್ನು ತಿಳಿಸುವ ಚಿಹ್ನೆಯಂತೂ ಇಲ್ಲವೇ ಇಲ್ಲ. ಕಂಟದ ಮೊನೆಯಿಂದ ಕೊರೆದು ಮಸಿ ತೊಡೆದ ಅಕ್ಷರಗಳು ಗರಿಯ ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಸಮನೆ ಸಾಗುತ್ತವೆ. ಪದ್ಯ ಮುಗಿದಲ್ಲಿ ಒಂದೆರಡು ಗೀಟು, ಅದರ ಅಂಕೆ, ಅಷ್ಟೆ. ಇಂತಹ ಗರಿಯನ್ನು ಮುಂದಿಟ್ಟುಕೊಂಡು, ದುರ್ಯೋಧನನು ಜರೆದನೋ ಮರುಗಿದನೋ, ದ್ರೌಪದಿಯು ಕೇಳಿದಳೋ ಶಪಿಸಿದಳೋ ಎಂಬುದನ್ನು ನಿರ್ಣಯಿಸಿ, ಆ ನಿರ್ಣಯವನ್ನು ಅಕ್ಷರವರಿಯದ ಜನಸಮೂಹದ ಕಿವಿಗೆ ಮುಟ್ಟಿಸುವ ಹೊಣೆಯನ್ನು ಕನ್ನಡ ನಾಡು ಇಬ್ಬರಿಗೆ ಒಪ್ಪಿಸಿತ್ತು. ಒಬ್ಬನು ಪದ್ಯವನ್ನು ರಾಗವಾಗಿ ಓದುವ ಗಮಕಿ. ಇನ್ನೊಬ್ಬನು ಅದರ ಅರ್ಥವನ್ನು ಬಿಡಿಸಿ ಹೇಳುವ ವ್ಯಾಖ್ಯಾನಕಾರ. ಕವಿಯ ಕೃತಿ ಪೂರ್ತಿಯಾದುದು ಇವರ ಕೊರಳಿನಲ್ಲಿ ಎಂಬುದು ನನ್ನ ದೃಢವಾದ ನಂಬಿಕೆ. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬರೆಯುವವರು ಕವಿಗಳ ಕಾಲವನ್ನೂ ಮತವನ್ನೂ ಆಶ್ರಯದಾತರನ್ನೂ ಕುರಿತು ಪುಟಗಟ್ಟಲೆ ವಿಚಾರಮಾಡಿ, ಈ ಕೊರಳಿನ ಸಂಗತಿಯನ್ನು ಒಂದೆರಡು ಮಾತಿನಲ್ಲಿ ಮುಗಿಸಿಬಿಡುವುದು ನ್ಯಾಯವಲ್ಲ.

ಹಳ್ಳಿಯ ಜನ ಇದನ್ನು ಗಮಕವೆಂಬ ಶಾಸ್ತ್ರೀಯವಾದ ಹೆಸರಿನಿಂದ ಕರೆದವರಲ್ಲ. ಭಾರತ ಓದಿಸುವುದು, ಅರ್ಥ ಹೇಳಿಸುವುದು ಎಂಬುದೇ ಅವರ ಬಳಕೆಯ ಮಾತು. ಹೊಲಮನೆಯ ಕೆಲಸ ಮುಗಿದು ಉಂಡಾದ ಮೇಲೆ ಗುಡಿಯ ಮಂಟಪದಲ್ಲಿಯೋ ಊರ ಚಾವಡಿಯಲ್ಲಿಯೋ ಜನ ನೆರೆಯುವರು; ದೀಪದ ಬಳಿ ವ್ಯಾಸಪೀಠ, ಅದರ ಮೇಲೆ ಗದುಗಿನ ಭಾರತವೋ, ಲಕ್ಷ್ಮೀಶನ ಜೈಮಿನಿಯೋ, ತೊರವೆಯ ರಾಮಾಯಣವೋ. ಓದುವವನು ಒಂದು ಪದ್ಯವನ್ನು ಓದಿ ನಿಲ್ಲಿಸುವನು. ಅರ್ಥ ಹೇಳುವವನು ಅದನ್ನು ಎತ್ತಿಕೊಂಡು, ಪದಗಳನ್ನು ಬಿಡಿಸಿ, ಅನ್ವಯಿಸಿ, ಹಿಂದಿನ ಕಥೆಗೆ ಹೆಣೆದು, ಮುಂದಿನ ಪದ್ಯಕ್ಕೆ ದಾರಿಮಾಡಿಕೊಡುವನು. ಮಳೆ ಹಿಂದೆಗೆದ ವರ್ಷ ವಿರಾಟಪರ್ವವನ್ನೇ ಓದಿಸಬೇಕು, ಅದನ್ನು ಓದಿಸಿದರೆ ಮಳೆಯಾಗುವುದೆಂಬ ಶ್ರದ್ಧೆ ಬಯಲುಸೀಮೆಯ ಎಷ್ಟೋ ಊರುಗಳಲ್ಲಿ ಬಲವಾಗಿ ಬೇರೂರಿತ್ತು. ಶ್ರದ್ಧೆಯ ಮಾತು ಹಾಗಿರಲಿ. ಅದರ ದೆಸೆಯಿಂದ ಕುಮಾರವ್ಯಾಸನ ಅತ್ಯಂತ ನಾಟಕೀಯವಾದ ಒಂದು ಪರ್ವವು ಒಕ್ಕಲಮಕ್ಕಳ ಕಿವಿಯಲ್ಲಿ ಮತ್ತೆ ಮತ್ತೆ ಮೊಳಗಿ ಅವರ ಸ್ವಂತ ಸೊತ್ತಾಯಿತು.

ಈ ಪದ್ಧತಿಯ ಮೂಲವನ್ನು ಅರಸಿ ಹೊರಟರೆ ನಾವು ರಾಷ್ಟ್ರಕೂಟರ ಕಾಲಕ್ಕೆ ಹೋಗಿ ನಿಲ್ಲಬೇಕಾಗುತ್ತದೆ. ಒಂಬತ್ತನೆಯ ಶತಮಾನದಲ್ಲಿ ಸಂಸ್ಕೃತ ಆದಿಪುರಾಣವನ್ನು ರಚಿಸಿದ ಜಿನಸೇನಾಚಾರ್ಯರು ತಮ್ಮ ಪೂರ್ವಸೂರಿಯಾದ ಸಮಂತಭದ್ರರನ್ನು ಸ್ತುತಿಸುವಾಗ ಕವಿ, ಗಮಕಿ, ವಾದಿ, ವಾಗ್ಮಿ ಎಂಬ ನಾಲ್ಕು ವರ್ಗದ ವಿದ್ವಾಂಸರನ್ನು ಒಂದೇ ಸಾಲಿನಲ್ಲಿ ನಿಲ್ಲಿಸುತ್ತಾರೆ. ಕಾವ್ಯವನ್ನು ಕಟ್ಟುವವನ ಮಗ್ಗುಲಲ್ಲಿಯೇ ಅದನ್ನು ಬಿಡಿಸಿ ತೋರಿಸುವವನಿಗೆ ಪೀಠವಿತ್ತೆಂಬುದನ್ನು ಇದರಿಂದ ತಿಳಿಯಬಹುದಾಗಿದೆ. ಜಿನಸೇನರನ್ನು ಗುರುವೆಂದು ಭಾವಿಸಿದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿಯೇ ಹುಟ್ಟಿದ ಕವಿರಾಜಮಾರ್ಗವು ಕನ್ನಡಿಗರನ್ನು ಕೊಂಡಾಡುವಾಗ ಎತ್ತಿ ಹೇಳುವ ಗುಣವಾದರೂ ಯಾವುದು? ಹದವರಿತು ನುಡಿಯುವ ಶಕ್ತಿಯ ಜೊತೆಗೆ, ಇನ್ನೊಬ್ಬರು ನುಡಿದುದನ್ನು ಅರಿತು ವಿಚಾರಿಸುವ ಶಕ್ತಿಯೂ ಈ ನಾಡವರಿಗಿದೆಯೆಂಬುದೇ. ಓದು ಕಲಿಯದವರೂ ಕಾವ್ಯದಲ್ಲಿ ಪರಿಣತರೆಂದು ಆ ಗ್ರಂಥಕಾರನು ಹೇಳುವ ಮಾತನ್ನು ಅನೇಕರು ದೇಶಾಭಿಮಾನದ ಅತಿಶಯೋಕ್ತಿಯೆಂದು ಎಣಿಸುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಓದಿ ಹೇಳುವವರೂ ಕುಳಿತು ಕೇಳುವವರೂ ಇದ್ದ ಸಮಾಜದಲ್ಲಿ ಅಕ್ಷರವಿಲ್ಲದವನು ಕಾವ್ಯವನ್ನು ಬಲ್ಲವನಾಗುವುದು ಅತ್ಯಂತ ಸಹಜವಾದ ಸಂಗತಿ.

ಧ್ವನಿಯ ಏರಿಳಿತದಿಂದ ಅರ್ಥವು ಹೇಗೆ ಬೇರೆಯಾಗುತ್ತದೆಂಬುದನ್ನು ನಮ್ಮ ಪೂರ್ವಿಕರು ಶಾಸ್ತ್ರವಾಗಿಯೇ ವಿಚಾರಮಾಡಿದ್ದರು. ಆ ವಿಕಾರಕ್ಕೆ ಕಾಕುವೆಂದು ಹೆಸರು. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಪಾಠ್ಯದ ಗುಣಗಳನ್ನು ಹೇಳುವಾಗ ಎದೆ, ಕಂಠ, ಶಿರಸ್ಸು ಎಂಬ ಮೂರು ಸ್ಥಾನಗಳನ್ನೂ, ಉಚ್ಚ, ದೀಪ್ತ, ಮಂದ್ರ, ನೀಚ, ದ್ರುತ, ವಿಲಂಬಿತಗಳೆಂಬ ಆರು ಅಲಂಕಾರಗಳನ್ನೂ, ಸಾಕಾಂಕ್ಷ ನಿರಾಕಾಂಕ್ಷಗಳೆಂಬ ಎರಡು ಬಗೆಯ ಕಾಕುಗಳನ್ನೂ ವಿವರಿಸುತ್ತಾನೆ. ಮಾತು ನಿಂತ ಮೇಲೂ ಕೇಳುವವನ ಮನಸ್ಸಿನಲ್ಲಿ ಏನೋ ಉಳಿದಿದೆಯೆನಿಸಿದರೆ ಅದು ಸಾಕಾಂಕ್ಷ. ಅರ್ಥ ಅಲ್ಲಿಗೆ ಪೂರ್ತಿಯಾಯಿತೆನಿಸಿದರೆ ನಿರಾಕಾಂಕ್ಷ. ಸುಮಾರು ಕ್ರಿ.ಶ. 900ರ ಕಾಲದ ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ ಇದನ್ನು ಇನ್ನೂ ಸೂಕ್ಷ್ಮವಾಗಿ ಒಡೆದು, ಆಕ್ಷೇಪ, ಪ್ರಶ್ನೆ, ವಿತರ್ಕಗಳನ್ನು ಗರ್ಭದಲ್ಲಿಟ್ಟುಕೊಂಡ ಕಾಕುಗಳು ಒಂದು ಕಡೆ, ವಿಧಿ, ಉತ್ತರ, ನಿರ್ಣಯಗಳ ರೂಪದವು ಇನ್ನೊಂದು ಕಡೆ ಎಂದು ವಿಭಾಗಿಸಿದನು. ಆಕ್ಷೇಪವಾಗಿ ಓದಿದಾಗ ಒಂದರ್ಥವನ್ನು ಕೊಡುವ ವಾಕ್ಯವೇ ವಿಧಿಯಾಗಿ ಓದಿದಾಗ ಅದಕ್ಕೆ ವಿರುದ್ಧವಾದ ಅರ್ಥವನ್ನು ಕೊಡುತ್ತದೆಂಬುದು ಅವನ ವಿವೇಚನೆಯ ಸಾರ. ಅವನಿಗಿಂತ ಹಿಂದಿನವನಾದ ರುದ್ರಟನು ಕಾಕುವನ್ನು ವಕ್ರೋಕ್ತಿಯೆಂಬ ಶಬ್ದಾಲಂಕಾರದಲ್ಲಿ ಸೇರಿಸಿದ್ದನು. ರಾಜಶೇಖರನು ಅದನ್ನು ಒಪ್ಪದೆ, ಕಾಕುವು ಪಠನದ ಧರ್ಮ, ಅದು ಅಲಂಕಾರ ಹೇಗಾದೀತೆಂದು ಕೇಳಿದನು. ಈ ವಾದದಲ್ಲಿ ನಾನು ರಾಜಶೇಖರನ ಪಕ್ಷ. ಅಲಂಕಾರವೆಂದರೆ ಕವಿಯು ಬರೆದಿಟ್ಟುಹೋದದ್ದು. ಕಾಕುವಾದರೋ ಓದುವವನು ಪ್ರತಿಸಲವೂ ಹೊಸದಾಗಿ ತಂದುಕೊಡಬೇಕಾದದ್ದು.

ಇದಕ್ಕೆ ಸಂಸ್ಕೃತದವರು ಕೊಡುವ ಪ್ರಸಿದ್ಧ ನಿದರ್ಶನವು ಭಟ್ಟನಾರಾಯಣನ ವೇಣೀಸಂಹಾರದ ಮೊದಲನೆಯ ಅಂಕದಲ್ಲಿದೆ. ಧರ್ಮರಾಜನು ಐದು ಊರುಗಳಿಗೆ ಒಪ್ಪಿ ಸಂಧಿಗೆ ಸಿದ್ಧನಾಗಿದ್ದಾನೆಂದು ಕೇಳಿ ಕೆರಳಿದ ಭೀಮನು, ಕೌರವರನ್ನು ತಾನು ಯುದ್ಧದಲ್ಲಿ ಮಥಿಸುವುದಿಲ್ಲ, ದುಶ್ಶಾಸನನ ಎದೆಯ ನೆತ್ತರನ್ನು ಕುಡಿಯುವುದಿಲ್ಲ, ಸುಯೋಧನನ ತೊಡೆಗಳನ್ನು ಮುರಿಯುವುದಿಲ್ಲ, ನಿಮ್ಮ ದೊರೆ ಬೆಲೆಕೊಟ್ಟು ಸಂಧಿಮಾಡಿಕೊಳ್ಳಲಿ ಎಂಬ ಅರ್ಥದ ಮಾತುಗಳನ್ನಾಡುತ್ತಾನೆ. ಬರಹದಲ್ಲಿರುವುದೆಲ್ಲ ನಿಷೇಧವೇ. ಸಮಧ್ವನಿಯಲ್ಲಿ ಓದಿದರೆ ಭೀಮನು ತನ್ನ ಪ್ರತಿಜ್ಞೆಗಳನ್ನು ಒಂದೊಂದಾಗಿ ತೊರೆದನೆಂದಾಗುವುದು. ಪ್ರತಿಯೊಂದು ನಿಷೇಧದ ತುದಿಯಲ್ಲಿಯೂ ಸ್ವರವು ಮೇಲಕ್ಕೆ ಸಿಡಿದರೆ ಮಾತ್ರ, ಮಥಿಸದೆ ಬಿಡುವೆನೇ, ಕುಡಿಯದೆ ಬಿಡುವೆನೇ ಎಂಬ ಗರ್ಜನೆ ಕೇಳಿಬರುವುದು. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಮಮ್ಮಟನು ಕಾಕುವಿನಿಂದ ಆಕ್ಷಿಪ್ತವಾದ ವ್ಯಂಗ್ಯಕ್ಕೆ ಇದನ್ನೇ ಉದಾಹರಿಸಿದನು. ಕಾಶ್ಮೀರದವರು ಒಳ್ಳೆಯ ಕವಿಗಳಾದರೂ ಅವರು ಓದುವುದನ್ನು ಕೇಳಿದರೆ ಕಿವಿಗೆ ಅಮೃತಬಳ್ಳಿಯ ಕಹಿರಸವನ್ನು ಹೊಯ್ದಂತಾಗುವುದೆಂದು ರಾಜಶೇಖರನು ಹೇಳಿದ್ದುಂಟು. ಆದೊಡೆ ಓದಿನ ಮರ್ಮವನ್ನು ಕುರಿತ ವಿಚಾರ ಆ ದೇಶದಲ್ಲಿಯೇ ಪಕ್ವವಾಯಿತು.

ಕನ್ನಡಿಗರ ಓದನ್ನೂ ರಾಜಶೇಖರನು ಬಿಟ್ಟವನಲ್ಲ. ಬೇರೆಬೇರೆ ದೇಶದವರು ಕಾವ್ಯವನ್ನು ಹೇಗೆ ಪಠಿಸುತ್ತಾರೆಂಬುದನ್ನು ವರ್ಣಿಸುವ ಭಾಗದಲ್ಲಿ, ರಸವು ಯಾವುದೇ ಇರಲಿ, ರೀತಿಯು ಯಾವುದೇ ಇರಲಿ, ಗುಣವು ಯಾವುದೇ ಇರಲಿ, ಕರ್ಣಾಟರೆಲ್ಲರೂ ಗರ್ವದಿಂದ ಕೊನೆಯಲ್ಲಿ ಟಂಕಾರವೆಬ್ಬಿಸಿ ಓದುತ್ತಾರೆಂದು ಅವನು ಬರೆದಿದ್ದಾನೆ. ಅವನು ಕನ್ಯಾಕುಬ್ಜದ ಪ್ರತೀಹಾರ ದೊರೆಗಳಾದ ಮಹೇಂದ್ರಪಾಲ, ಮಹೀಪಾಲರ ಆಶ್ರಯದಲ್ಲಿದ್ದವನು; ಆ ಮನೆತನಕ್ಕೂ ಮಾನ್ಯಖೇಟದ ರಾಷ್ಟ್ರಕೂಟರಿಗೂ ತಲೆಮಾರುಗಳ ಹಗೆ. ಅದೇ ಮಹೀಪಾಲನನ್ನು ಓಡಿಸಿದ ದಂಡಯಾತ್ರೆಯಲ್ಲಿ ತನ್ನ ಒಡೆಯ ಅರಿಕೇಸರಿಯ ತಂದೆ ನರಸಿಂಹನು ಪರಾಕ್ರಮವನ್ನು ಮೆರೆದುದನ್ನು ಪಂಪನು ಹೆಮ್ಮೆಯಿಂದ ಹಾಡಿದ್ದಾನೆ. ಹೀಗಿರುವಲ್ಲಿ ಆ ಮಾತಿನಲ್ಲಿ ಹಗೆತನದ ಲೇಶವಿರಬಹುದೆಂದು ಊಹಿಸಲು ಅವಕಾಶವಿದೆ. ಆದರೆ ಅಷ್ಟು ಹೇಳಿ ತಳ್ಳಿಹಾಕುವುದು ಪ್ರಾಮಾಣಿಕತೆಯಲ್ಲ. ರಸವನ್ನು ಲೆಕ್ಕಿಸದೆ ಎಲ್ಲ ಪದ್ಯವನ್ನೂ ಒಂದೇ ಠೀವಿಯಿಂದ ಓದಿ, ಕೊನೆಯ ಅಕ್ಷರದಲ್ಲಿ ಮೊಳಗಿಸಿ ಚಪ್ಪಾಳೆಯನ್ನು ನಿರೀಕ್ಷಿಸುವ ಓದುಗಾರರು ನಮ್ಮಲ್ಲಿ ಆಗ ಇದ್ದಿರಬೇಕು. ಅವರ ಸಂತತಿ ಇನ್ನೂ ಅಳಿದಿಲ್ಲ. ಗಮಕದಲ್ಲಿ ತಾಳವಿಲ್ಲದಿರುವುದು, ಸ್ವರಪ್ರಸ್ತಾರವಿಲ್ಲದಿರುವುದು, ರಾಗವು ಸಾಹಿತ್ಯದ ಹಿಂದೆ ಸೇವಕನಂತೆ ನಡೆಯಬೇಕೆಂಬ ವಿಧಿ, ಇವೆಲ್ಲವೂ ಆ ದೋಷಕ್ಕೆ ಹಿರಿಯರು ಕಂಡುಕೊಂಡ ಚಿಕಿತ್ಸೆಯೆಂದೇ ನಾನು ಭಾವಿಸುತ್ತೇನೆ.

ಈ ವಿಧಿಯ ಬೆಲೆಯೇನೆಂಬುದನ್ನು ಅರಿಯಬೇಕಾದರೆ ವಿರಾಟಪರ್ವದ ಒಂದೇ ಒಂದು ಪದ್ಯವನ್ನು ಹತ್ತಿರದಿಂದ ನೋಡಿದರೆ ಸಾಕು. ತುಂಬಿದ ಸಭೆಯಲ್ಲಿ ಕೀಚಕನಿಂದ ಅವಮಾನಿತಳಾದ ದ್ರೌಪದಿ ನಡುರಾತ್ರಿಯಲ್ಲಿ ಒಬ್ಬಳೇ ಬಾಣಸಿನ ಮನೆಗೆ ಬಂದು, ವಲಲನೆಂಬ ಹೆಸರಿನಿಂದ ಅಲ್ಲಿ ಮಲಗಿದ್ದ ಭೀಮನನ್ನು ಎಬ್ಬಿಸುತ್ತಾಳೆ. ಮಾತು ಬೆಳೆಯುತ್ತದೆ. ಹೆಂಡತಿಯ ಮಾನಕ್ಕಾಗಿ ಒಬ್ಬನೇ ಗಂಡನಾದವನು ಹಗೆಯನ್ನು ಕಡಿಯುತ್ತಾನೆ, ಇಲ್ಲವೆ ತನ್ನ ಒಡಲನ್ನೇ ನೀಗುತ್ತಾನೆ. ನೀವಾದರೋ ಐವರು, ಮೂರು ಲೋಕದ ಗಂಡರೆನಿಸಿಕೊಂಡವರು, ಒಬ್ಬಳನ್ನು ಆಳಲಾರಿರಿ ಎಂದು ಹೇಳಿ, ನೀವು ಗಂಡಸರೋ ಅಲ್ಲವೋ ಎಂದು ಕೇಳುತ್ತಾಳೆ. ಭಾಮಿನಿ ಷಟ್ಪದಿಯ ನಡೆಯಲ್ಲಿ ಮೂರು, ನಾಲ್ಕು ಮಾತ್ರೆಗಳ ಗಣಗಳು ಒಂದಾದ ಮೇಲೊಂದು ಬರುತ್ತವೆ. ಒಂದು, ಎರಡು, ನಾಲ್ಕು, ಐದನೆಯ ಪಾದಗಳಿಗೆ ಹದಿನಾಲ್ಕು ಮಾತ್ರೆ, ಮೂರು ಮತ್ತು ಆರನೆಯ ಪಾದಗಳಿಗೆ ಇಪ್ಪತ್ತಮೂರು. ಆರನೆಯ ಪಾದದ ಈ ಉದ್ದದಲ್ಲಿಯೇ ಕವಿಯು ಆ ಘೋರವಾದ ಪ್ರಶ್ನೆಯನ್ನು ಇರಿಸಿದ್ದಾನೆ.

ಅವಸರದ ಗಮಕಿಯು ಇದನ್ನು ತಾರಸ್ಥಾಯಿಯಲ್ಲಿ ಕೂಗಿ ಹೇಳುತ್ತಾನೆ, ಸಭೆಯೂ ತಲೆದೂಗುತ್ತದೆ. ಆದರೆ ಸಂದರ್ಭವನ್ನು ನೆನೆಯಿರಿ. ಅಜ್ಞಾತವಾಸದ ಅವಧಿ ಇನ್ನೂ ಮುಗಿದಿಲ್ಲ. ಗುರುತು ಬಯಲಾದರೆ ಮತ್ತೆ ಹನ್ನೆರಡು ವರ್ಷ ಕಾಡು ಕಾದಿದೆ. ಅರಮನೆಯ ಗೋಡೆಗಳಿಗೆಲ್ಲ ಕಿವಿ. ಐವರು ಗಂಡರೆಂಬ ಮಾತು ನೆರೆಯ ಕೋಣೆಗೆ ಕೇಳಿಸಿದರೂ ಸರ್ವನಾಶ. ಆ ಹೆಣ್ಣು ಕೂಗಲಾರಳು. ಕೂಗಲಾರದುದರಿಂದಲೇ ಆ ಮಾತಿಗೆ ಅಷ್ಟು ಉರಿ ಬಂದಿದೆ. ಹಲ್ಲು ಕಚ್ಚಿ, ಉಸಿರನ್ನು ಬಿಗಿಹಿಡಿದು, ಮಂದ್ರದಲ್ಲಿ ಆಡಿದ ಮಾತದು. ಇನ್ನೊಂದು ಸೂಕ್ಷ್ಮವಿದೆ: ಪದ್ಯದ ತೀರ ಕೊನೆಯಲ್ಲಿ ಹೀಗೆಂದಳು ಇಂದುಮುಖಿ ಎಂಬ ಅರ್ಥದ ಮಾತು ಬರುತ್ತದೆ, ಅದು ದ್ರೌಪದಿಯದಲ್ಲ, ಕವಿಯದು. ಗಮಕಿಯು ಒಂದೇ ಉಸಿರಿನಲ್ಲಿ ಅವಳ ಬಾಯಿಂದ ಕವಿಯ ಬಾಯಿಗೆ ದಾಟಬೇಕು. ರೋಷದ ಸ್ವರವನ್ನು ಆ ಕೊನೆಯ ಪದದವರೆಗೂ ಎಳೆದು ತಂದರೆ ಕವಿಯೇ ಭೀಮನನ್ನು ಬೈದಂತಾಗುವುದು. ಕೊಂಚ ಮುಂಚೆಯೇ ಇಳಿಸಿದರೆ ಪ್ರಶ್ನೆಯ ಮೊನೆ ಮುರಿಯುವುದು. ಬಲ್ಲವರು ಪ್ರಶ್ನೆಯ ಬಳಿಕ ಅರೆಗಳಿಗೆ ನಿಂತು, ಕವಿಯ ಆ ಮಾತನ್ನು ಮರುಕದಿಂದ ಮುಟ್ಟಿ ಮುಗಿಸುತ್ತಾರೆ. ಛಂದಸ್ಸು ಆ ನಿಲುಗಡೆಗೆ ಎಡೆಗೊಡುವುದಿಲ್ಲ, ಅರ್ಥವು ಅದನ್ನು ಬೇಡುತ್ತದೆ. ಈ ಎರಡರ ನಡುವೆ ತೀರ್ಪುಕೊಡುವುದೇ ಗಮಕಿಯ ವಿದ್ಯೆ.

ರನ್ನನ ಗದಾಯುದ್ಧದಲ್ಲಿ ಇದಕ್ಕಿಂತ ಭಿನ್ನವಾದ ಸಮಸ್ಯೆಯೊಂದಿದೆ. ವೈಶಂಪಾಯನ ಸರೋವರದಲ್ಲಿ ಜಲಸ್ತಂಭನದಿಂದ ಅಡಗಿ ಕುಳಿತ ದುರ್ಯೋಧನನು ದಡದಲ್ಲಿ ನಿಂತ ಭೀಮನ ಆರ್ಭಟವನ್ನು ಕೇಳಿ, ಆ ತಂಪಿನಲ್ಲಿದ್ದೂ ಬೆವರುತ್ತಾನೆ. ಆ ಕಂದಪದ್ಯದಲ್ಲಿ ಕವಿಯು ಮೊದಲು ಆರ್ಭಟದ ನಾದವನ್ನೇ ಮರುಕೊಳಿಸಿ ಮರುಕೊಳಿಸಿ ತುಂಬಿ, ಆಮೇಲೆ ಕಣ್ಣಿನ ಕೆಂಪನ್ನೂ ನೀರನ್ನೂ ಬೆವರನ್ನೂ ತಂದು, ಕರ್ತೃಪದವನ್ನು ಎಲ್ಲಕ್ಕೂ ಕೊನೆಗೆ ಇಟ್ಟಿದ್ದಾನೆ. ಬೆವರು ಸಾತ್ತ್ವಿಕ ಭಾವಗಳಲ್ಲಿ ಒಂದು. ಭಯದಿಂದಲೂ ಬರುವುದು, ಕ್ರೋಧದಿಂದಲೂ ಬರುವುದು. ಇಲ್ಲಿ ಯಾವುದು? ಕೋಪದಿಂದ ಕೆಂಪಡರಿದ ಕಣ್ಣುಗಳೆಂದು ಕವಿಯು ಬಾಯಿಬಿಟ್ಟು ಹೇಳಿರುವಾಗ ದುರ್ಯೋಧನನನ್ನು ಅಂಜುಬುರುಕನನ್ನಾಗಿ ಓದುವುದು ಕವಿದ್ರೋಹವೆಂದು ನನ್ನ ಅಭಿಪ್ರಾಯ. ಹಗೆಯ ಕರೆಗೆ ಎದ್ದು ಬರಲಾರದೆ, ಹಿರಿಯರ ಮಾತಿಗೆ ಕಟ್ಟುಬಿದ್ದು ಅವಿತುಕೊಂಡ ಅಭಿಮಾನಿಯ ಬೆವರು ಅದು. ನಾದದ ಪೂರ್ವಾರ್ಧವನ್ನು ದೀಪ್ತವಾಗಿ ಓದಿ, ಬೆವರಿನ ಮಾತಿಗೆ ಬಂದಾಗ ಸ್ವರವನ್ನು ಕುಗ್ಗಿಸದೆ ಬಿಗಿಗೊಳಿಸಿ, ಕೊನೆಯ ಪದವನ್ನು ರಾಜಗಾಂಭೀರ್ಯದಿಂದ ನಿಲ್ಲಿಸಿದರೆ ವ್ಯಾಖ್ಯಾನದ ಮುಕ್ಕಾಲುಪಾಲು ಅಲ್ಲಿಯೇ ಮುಗಿದುಹೋಗುವುದು.

ಅರ್ಥ ಹೇಳುವವನ ಸ್ವಾತಂತ್ರ್ಯವು ಪರಾಕಾಷ್ಠೆಗೆ ಮುಟ್ಟಿದುದು ಕರಾವಳಿಯ ತಾಳಮದ್ದಳೆಯಲ್ಲಿ. ಪತ್ತನಾಜೆಗೆ ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದ ರಾತ್ರಿಗಳಲ್ಲಿ, ವೇಷವಿಲ್ಲದೆ ಕುಣಿತವಿಲ್ಲದೆ ಅರ್ಥಧಾರಿಗಳು ಎದುರುಬದುರಾಗಿ ಕುಳಿತುಕೊಳ್ಳುತ್ತಾರೆ. ಭಾಗವತರು ಪ್ರಸಂಗದ ಪದ್ಯವನ್ನು ಹಾಡಿ ನಿಲ್ಲಿಸಿದೊಡನೆ ಅದರ ಭಾವವನ್ನು ಹಿಡಿದು ಪಾತ್ರವೇ ತಾನಾಗಿ ಸ್ಥಳದಲ್ಲಿಯೇ ಮಾತು ಕಟ್ಟುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂತಹವರ ಅರ್ಥಗಾರಿಕೆಯನ್ನು ಕೇಳಿದವರು ಬಲ್ಲರು: ನಾಲ್ಕು ಸಾಲಿನ ಅದೇ ಪದ್ಯದಿಂದ ಒಂದು ರಾತ್ರಿ ತರ್ಕಶೂರನಾದ ಪಾತ್ರವೂ ಇನ್ನೊಂದು ರಾತ್ರಿ ನೊಂದ ಪಾತ್ರವೂ ಮೈದಾಳಬಹುದು, ಪದ್ಯವು ಎರಡಕ್ಕೂ ಸಾಕ್ಷಿಯಾಗಿ ನಿಲ್ಲಬಹುದು. ಅದೇ ಕರಾವಳಿಯ ನಂದಳಿಕೆಯಲ್ಲಿ ಹುಟ್ಟಿ 1901ರಲ್ಲಿ ತೀರಿಕೊಂಡ ಮುದ್ದಣನು ರಾಮಾಶ್ವಮೇಧದಲ್ಲಿ ಕಥೆ ಹೇಳುವ ಗಂಡನ ಎದುರಿಗೆ ಪ್ರಶ್ನೆಮಾಡುವ ಮನೋರಮೆಯನ್ನು ಕೂರಿಸಿ, ಕೇಳುವವರಿಗೂ ಅರ್ಥದ ಮೇಲೆ ಹಕ್ಕುಂಟೆಂಬುದನ್ನು ಸಾಹಿತ್ಯದಲ್ಲಿಯೇ ಸ್ಥಾಪಿಸಿಬಿಟ್ಟನು.

ಅಚ್ಚಿನ ಯುಗವು ಬಂದು ಓದು ಮೌನವಾಯಿತು. ಇಂಗ್ಲಿಷಿನಿಂದ ಎರವಾಗಿ ಬಂದ ಲೇಖನಚಿಹ್ನೆಗಳು ಗಮಕಿಯ ಕೆಲಸದಲ್ಲಿ ಒಂದು ಪಾಲನ್ನು ಕಿತ್ತುಕೊಂಡುವು. ಆದರೆ ಆ ಚಿಹ್ನೆಗಳ ಸಾಮರ್ಥ್ಯ ಎಷ್ಟು ಅಲ್ಪವೆಂಬುದು ಕಾವ್ಯಕ್ಕಿಂತಲೂ ಭಾಷಣಗಳಲ್ಲಿ ಎದ್ದು ಕಾಣುತ್ತದೆ. 1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಕನ್ನಡ ಮಾತು ತಲೆ ಎತ್ತುವ ಬಗೆಯನ್ನು ಕುರಿತು ಮಾಡಿದ ಉಪನ್ಯಾಸವು ನವೋದಯದ ಮುಂಗೋಳಿಯೆಂದು ನಾವೆಲ್ಲರೂ ಹೇಳುತ್ತೇವೆ. ಅದರ ಅಚ್ಚಾದ ಪಾಠ ನಮ್ಮ ಕೈಯಲ್ಲಿದೆ. ಆದರೆ ಇಂಗ್ಲಿಷನ್ನು ಕಲಿಸುವುದೇ ವೃತ್ತಿಯಾದ ಮೈಸೂರು ಸೀಮೆಯ ತರುಣನೊಬ್ಬನು, ಮರಾಠಿಯ ದಟ್ಟವಾದ ನೆರಳಿನಲ್ಲಿದ್ದ ಧಾರವಾಡದ ಶ್ರೋತೃಗಳ ಮುಂದೆ ನಿಂತು ಆ ಮಾತುಗಳನ್ನಾಡಿದಾಗ ಎಲ್ಲಿ ತಡೆದನು, ಎಲ್ಲಿ ಬೇಡಿಕೊಂಡನು, ಎಲ್ಲಿ ಕಟುವಾದನು ಎಂಬುದನ್ನು ಯಾವ ಅಲ್ಪವಿರಾಮವೂ ನಮಗೆ ತಿಳಿಸಲಾರದು. ಚರಿತ್ರೆಯ ಭಾಷಣವನ್ನು ಓದುವವನು ತಾನೇ ಗಮಕಿಯಾಗಬೇಕು: ಸಭೆಯಲ್ಲಿ ಯಾರಿದ್ದರು, ಅವರಿಗೆ ಯಾವುದು ಹಿತ, ಯಾವುದು ಅಪ್ರಿಯ ಎಂಬುದನ್ನೆಲ್ಲ ವಿಚಾರಿಸಿ, ವಾಕ್ಯವನ್ನು ತನ್ನ ಬಾಯಲ್ಲಿ ಎರಡು ಮೂರು ಬಗೆಯಾಗಿ ಆಡಿನೋಡಿ, ಸಂದರ್ಭಕ್ಕೆ ಒಗ್ಗುವುದನ್ನು ಆರಿಸಿಕೊಳ್ಳಬೇಕು. ಇದಕ್ಕಿಂತ ಉತ್ತಮವಾದ ಉಪಾಯ ನನಗೆ ತೋರಿಲ್ಲ.

1915ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಸಾಹಿತ್ಯ ಪರಿಷತ್ತು ಮುಂದೆ ಗಮಕದ ತರಗತಿಗಳನ್ನು ನಡೆಯಿಸಿ, ಹಳ್ಳಿಯ ಜಗಲಿಯಲ್ಲಿದ್ದ ವಿದ್ಯೆಗೆ ಪಾಠಶಾಲೆಯ ಗೌರವವನ್ನು ತಂದಿತು. ಬಳ್ಳಾರಿ ಸೀಮೆಯ ಜೋಳದರಾಶಿ ದೊಡ್ಡನಗೌಡರಂತಹ ಗಮಕಿಗಳು ಊರೂರು ತಿರುಗಿ ಸಾವಿರಾರು ಜನರನ್ನು ಕುಮಾರವ್ಯಾಸನ ಬಳಿಗೆ ಕರೆತಂದರು. ಆಕಾಶವಾಣಿಯು ಆ ಓದನ್ನು ಮನೆಮನೆಗೆ ಹೊತ್ತು ತಂದಿತು. ಶಿವಮೊಗ್ಗದ ಬಳಿ ತುಂಗೆಯ ಎರಡು ದಡಗಳಲ್ಲಿರುವ ಮತ್ತೂರು, ಹೊಸಹಳ್ಳಿಗಳು ಈ ಕಾಲದಲ್ಲಿಯೂ ಗಮಕದ ನೆಲೆಯಾಗಿವೆ. ಮತ್ತೂರಿನ ಮಾರ್ಕಂಡೇಯ ಅವಧಾನಿಗಳ ವ್ಯಾಖ್ಯಾನದೊಡನೆ ಬಹುಕಾಲ ಕಾವ್ಯವಾಚನ ಮಾಡಿದ ಹೊಸಹಳ್ಳಿಯ ಎಚ್. ಆರ್. ಕೇಶವಮೂರ್ತಿಗಳಿಗೆ 2022ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಆ ವರ್ಷದ ಕೊನೆಯಲ್ಲಿಯೇ ಅವರು ತೀರಿಕೊಂಡರು.

ಪ್ರಶಸ್ತಿಗಳಿಂದ ಮಾತ್ರ ಈ ವಿದ್ಯೆ ಉಳಿಯಲಾರದು. ಓದುಗರಲ್ಲಿ ನನ್ನದೊಂದು ಬಿನ್ನಹ: ಕುವೆಂಪು ಮತ್ತು ಮಾಸ್ತಿಯವರು ಸಂಪಾದಿಸಿಕೊಟ್ಟ ಕರ್ಣಾಟ ಭಾರತ ಕಥಾಮಂಜರಿಯನ್ನು ಕಪಾಟಿನಿಂದ ಇಳಿಸಿ, ಕೀಚಕನ ಪ್ರಸಂಗವಿರುವ ಸಂಧಿಯನ್ನು ಮನೆಯವರ ಮುಂದೆ ಬಾಯಿಬಿಟ್ಟು ಓದಿರಿ. ರಾಗ ಬಾರದಿದ್ದರೆ ಬೇಡ. ಮಾತಿನಂತೆ ಓದಿದರೂ ಆದೀತು. ಎಲ್ಲಿ ನಿಲ್ಲಬೇಕು, ಯಾರ ಬಾಯಲ್ಲಿ ಯಾವ ಸ್ವರ ಬರಬೇಕು ಎಂದು ತಡವರಿಸಿದಾಗ ಹಿಂದಿರುಗಿ ಇನ್ನೊಮ್ಮೆ ಓದಿರಿ. ಕೇಳುತ್ತಿರುವ ಮಕ್ಕಳು ಅರ್ಥವೇನೆಂದು ಕೇಳಿದರೆ, ಅಲ್ಲಿಗೇ ಪುಸ್ತಕವನ್ನು ಮಡಿಸಿಟ್ಟು, ನಿಮಗೆ ತಿಳಿದಷ್ಟನ್ನು ನಿಮ್ಮ ಮಾತಿನಲ್ಲಿ ಹೇಳಿರಿ.